ಅಜ್ಜಂಪುರದ ಅವಿಭಾಜ್ಯ, ಶಕುಂತಲಾ ದೇವಿಯ ಇಪ್ಪತ್ತಾರು ಅಂಕಿ

ಕಡೂರಿನಲ್ಲಿ ಹುಬ್ಬಳ್ಳಿ ಕಡೆಯ ರೈಲು ಹತ್ತಿದವರಿಗೆ ಮೊದಲು ಬೀರೂರು ಸಿಗುತ್ತದೆ, ಆಮೇಲೆ ಅಜ್ಜಂಪುರ. ಅಂಚೆಯ ಲೆಕ್ಕದಲ್ಲಿ ಮಾತ್ರ ಕಡೂರಿಗೂ ಅಜ್ಜಂಪುರಕ್ಕೂ ನಡುವೆ ಯಾವ ಊರೂ ಇಲ್ಲ. ಅಜ್ಜಂಪುರದ ಪಿನ್ ಕೋಡ್ 577547, ಕಡೂರಿನದು 577548. ನಡುವಿನ ಬೀರೂರು ಎಲ್ಲೋ ಹಿಂದೆ 577116ರಲ್ಲಿ ಕೂತಿದೆ. 1972ರ ಆಗಸ್ಟ್ 15ರಂದು ಈ ಆರಂಕಿಗಳ ಪದ್ಧತಿ ಜಾರಿಗೆ ಬಂದಾಗಿನಿಂದ ಲಕ್ಷಾಂತರ ಕಾಗದಗಳ ಮೇಲೆ ಈ ಸಂಖ್ಯೆಗಳನ್ನು ಬರೆದಿದ್ದಾರೆ. ಇವುಗಳ ಒಳಗೆ ಏನಿದೆ ಎಂದು ಬಿಡಿಸಿ ನೋಡಿದವರು ಕಡಿಮೆ.

ನೋಡಿದರೆ ಅಚ್ಚರಿಯೇ ಇದೆ. ಕಡೂರಿನ 577548 ಬಲು ಬೇಗ ಬಿಚ್ಚಿಕೊಳ್ಳುವ ಸಂಖ್ಯೆ. ಕೊನೆಯ ಎರಡಂಕಿ 48 ನಾಲ್ಕರಿಂದ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ನಾಲ್ಕರಿಂದ ಭಾಗವಾಗುತ್ತದೆ. ಅಂಕಿಗಳನ್ನು ಕೂಡಿದರೆ 36, ಆದ್ದರಿಂದ ಒಂಬತ್ತರಿಂದಲೂ ಭಾಗವಾಗುತ್ತದೆ. ಪೂರ್ತಿ ಬಿಡಿಸಿದರೆ 2×2×3×3×61×263. ಅದರ ಹಿಂದಿನ ಮನೆಯ ಅಜ್ಜಂಪುರ ಹಾಗಲ್ಲ. 577547ನ್ನು ಎರಡರಿಂದ ಭಾಗಿಸಿ, ಮೂರರಿಂದ ಭಾಗಿಸಿ, ಏಳರಿಂದ, ಹನ್ನೊಂದರಿಂದ, ಹದಿಮೂರರಿಂದ ಭಾಗಿಸಿ; ಪ್ರತಿ ಸಲವೂ ಏನಾದರೊಂದು ಶೇಷ ಉಳಿಯುತ್ತದೆ. ಈ ಸಂಖ್ಯೆಯ ವರ್ಗಮೂಲ 760ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಾಗಾಗಿ 760ರೊಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು, ಅಂಥವು 134 ಇವೆ. ಕಾಗದ ಪೆನ್ಸಿಲು ಹಿಡಿದು ಕೂತರೆ ಒಂದು ಮಧ್ಯಾಹ್ನದ ಕೆಲಸ. ಕೊನೆಗೆ ಸಿಗುವ ಉತ್ತರ: ಒಂದೂ ಭಾಗಿಸುವುದಿಲ್ಲ. ಅಜ್ಜಂಪುರದ ಪಿನ್ ಕೋಡ್ ಒಂದು ಅವಿಭಾಜ್ಯ ಸಂಖ್ಯೆ.

ಒಂದೇ ಒಂದರ ಅಂತರದಲ್ಲಿರುವ ಎರಡು ಸಂಖ್ಯೆಗಳ ಸ್ವಭಾವ ಹೀಗೆ ಅಜಗಜಾಂತರವಾಗಬಹುದು. ಸಂಖ್ಯೆ ದೊಡ್ಡದೋ ಚಿಕ್ಕದೋ ಎಂಬುದು ಅದರ ಮೈಯ ಅಳತೆ, ಅಷ್ಟೆ. ಅದು ಯಾವುದರಿಂದ ಕಟ್ಟಿಕೊಂಡಿದೆ ಎಂಬುದು ಬೇರೆಯೇ ಮಾತು. ದೊಡ್ಡ ಸಂಖ್ಯೆ ಕಂಡೊಡನೆ ಬಾಯಿ ಬಿಟ್ಟು ನಿಲ್ಲುವುದು ನಮ್ಮಲ್ಲಿ ರೂಢಿಯಾಗಿದೆ. ಕನ್ನಡ ನೆಲದಲ್ಲೇ ಹುಟ್ಟಿದವರೊಬ್ಬರು ಮಾಡಿ ಲೋಕಪ್ರಸಿದ್ಧವಾದ ಒಂದು ಗುಣಾಕಾರಕ್ಕೂ ಇದೇ ಆಯಿತು.

ಶಕುಂತಲಾ ದೇವಿ ಹುಟ್ಟಿದ್ದು ಬೆಂಗಳೂರಿನಲ್ಲಿ, 1929ರ ನವೆಂಬರ್ 4ರಂದು. ತಂದೆ ಸರ್ಕಸ್ಸಿನಲ್ಲಿದ್ದವರು. ಮೂರು ವರ್ಷದ ಮಗು ಇಸ್ಪೀಟಿನ ಎಲೆಗಳನ್ನು ನೆನಪಿಟ್ಟುಕೊಂಡು ಆಟದಲ್ಲಿ ಗೆಲ್ಲುವುದನ್ನು ಕಂಡು ಮಗಳ ಶಕ್ತಿ ತಂದೆಗೆ ಗೊತ್ತಾಯಿತು. ಆರನೆಯ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಆಕೆಯ ಲೆಕ್ಕದ ಪ್ರದರ್ಶನವಾಯಿತು. ಅಲ್ಲಿಂದ ಹೊರಟ ಹಾದಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಬಂತು. ಕಾಲೇಜಿನ ಕಂಪ್ಯೂಟರ್ ವಿಭಾಗ ಮನಸ್ಸಿಗೆ ಬಂದಂತೆ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು ಆರಿಸಿಕೊಟ್ಟಿತು: 7,686,369,774,870 ಮತ್ತು 2,465,099,745,779. ಇವೆರಡನ್ನೂ ಗುಣಿಸಬೇಕು. ಶಕುಂತಲಾ ದೇವಿ 28 ಸೆಕೆಂಡಿನಲ್ಲಿ ಕೊಟ್ಟ ಉತ್ತರ ಇದು:

18,947,668,177,995,426,462,773,730

ನಮ್ಮ ಕ್ರಮದಲ್ಲಿ ಬಿಡಿಸಿ ಬರೆದರೆ 1,89,47,66,81,77,99,54,26,46,27,73,730. ಇಪ್ಪತ್ತಾರು ಅಂಕಿ. ಕೋಟಿಯನ್ನು ಕೋಟಿಯಿಂದ ಗುಣಿಸಿ, ಅದನ್ನು ಮತ್ತೊಮ್ಮೆ ಕೋಟಿಯಿಂದ ಗುಣಿಸಿದರೆ ಬರುವ ರಾಶಿಯಂಥವು ಸುಮಾರು 18,947 ಇದರಲ್ಲಿ ಅಡಗಿವೆ. ಗಿನ್ನೆಸ್ ಪುಸ್ತಕ ಈ ಸಾಧನೆಯನ್ನು ದಾಖಲಿಸಿತು. ಅಂದಿನಿಂದ ಈ ಉತ್ತರವನ್ನು ಸಾವಿರಾರು ಸಲ ಅಚ್ಚು ಹಾಕಿದ್ದಾರೆ, ಓದುಗರು ಬೆರಗಾಗಿ ಪುಟ ತಿರುವಿದ್ದಾರೆ. ಆದರೆ ಈ ಉತ್ತರ ಸರಿಯೇ? ಪಂಚನಹಳ್ಳಿಯ ಹೈಸ್ಕೂಲ್ ಹುಡುಗಿಯೊಬ್ಬಳು ಕ್ಯಾಲ್ಕುಲೇಟರ್ ಇಲ್ಲದೆ ಇದನ್ನು ಪರೀಕ್ಷಿಸಬಲ್ಲಳೇ?

ಬಲ್ಲಳು. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಆಕೆಯ ಮಗ್ಗಿ ಪುಸ್ತಕದಲ್ಲೇ ಇದೆ.

ಪಂಚನಹಳ್ಳಿ ಕಡೂರು ತಾಲ್ಲೂಕಿನ ಹೋಬಳಿ, ಮಳೆ ಕಡಿಮೆ ಬೀಳುವ ತೆಂಗಿನ ಸೀಮೆ. ಅಲ್ಲಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕೊಬ್ಬರಿಯ 128 ಚೀಲಗಳಿವೆ, ಒಂದೊಂದರ ತೂಕ 43 ಕಿಲೋ. ಒಟ್ಟು 5504 ಕಿಲೋ. ಸರಿ ಇದೆಯೇ ಎಂದು ನೋಡಲು ಮತ್ತೆ ಗುಣಿಸಬೇಕಾಗಿಲ್ಲ. 128ರ ಅಂಕಿಗಳನ್ನು ಕೂಡಿದರೆ 11, ಮತ್ತೆ ಕೂಡಿದರೆ 2. 43ಕ್ಕೆ 7. ಎರಡೇಳಲಿ ಹದಿನಾಲ್ಕು, ಕೂಡಿದರೆ 5. ಉತ್ತರವಾದ 5504ರ ಅಂಕಿಗಳ ಮೊತ್ತವೂ 14, ಅಂದರೆ 5. ತಾಳೆಯಾಯಿತು. ಹತ್ತನ್ನು ಒಂಬತ್ತರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ನೂರಕ್ಕೂ ಸಾವಿರಕ್ಕೂ ಲಕ್ಷಕ್ಕೂ ಒಂದೇ ಉಳಿಯುತ್ತದೆ. ಆದ್ದರಿಂದ ಅಂಕಿ ಯಾವ ಸ್ಥಾನದಲ್ಲಿ ಕೂತರೂ ಒಂಬತ್ತರ ಕಣ್ಣಿಗೆ ಅದು ಬರಿಯ ಬಿಡಿ ಅಂಕಿಯೇ. ಈ ಪರೀಕ್ಷೆಯ ಗುಟ್ಟು ಇಷ್ಟೇ.

ಇದರ ದೌರ್ಬಲ್ಯವೂ ಅಲ್ಲೇ ಇದೆ. ಅವಸರದಲ್ಲಿ ಯಾರೋ 5504 ಎಂಬುದನ್ನು 5540 ಎಂದು ಬರೆದರು ಎನ್ನಿ. ಅಂಕಿಗಳು ಅವೇ, ಮೊತ್ತವೂ ಅದೇ. ಒಂಬತ್ತು ಆ ತಪ್ಪನ್ನು ಹಿಡಿಯಲಾರದು, ಮೂವತ್ತಾರು ಕಿಲೋ ಕೊಬ್ಬರಿ ಲೆಕ್ಕದಲ್ಲಿ ಸುಮ್ಮನೆ ಸೇರಿಕೊಳ್ಳುತ್ತದೆ. ಅಲ್ಲಿ ಬರಬೇಕಾದವನು ಹನ್ನೊಂದು. ಹನ್ನೊಂದರ ಪರೀಕ್ಷೆಯಲ್ಲಿ ಬಲಗಡೆಯಿಂದ ಹೊರಟು ಅಂಕಿಗಳನ್ನು ಒಂದು ಬಿಟ್ಟು ಒಂದು ಕೂಡಿ, ನಡುವೆ ಬಿಟ್ಟವುಗಳನ್ನು ಕಳೆಯಬೇಕು. 5504ಕ್ಕೆ ಬರುವುದು 4. 5540ಕ್ಕೆ ಬರುವುದು ಋಣ 4, ಅಂದರೆ ಹನ್ನೊಂದು ಸೇರಿಸಿದರೆ 7. ಸರಿಯಾದ ಗುಣಾಕಾರಕ್ಕೆ 4 ಬರಬೇಕು. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೆ ಹನ್ನೊಂದರ ಕಣ್ಣು ತಪ್ಪಿಸುವುದು ಸಾಧ್ಯವೇ ಇಲ್ಲ.

ಈಗ ಶಕುಂತಲಾ ದೇವಿಯವರ ಸಂಖ್ಯೆಗೆ ಬರೋಣ. ಮೊದಲ ಸಂಖ್ಯೆಯ ಹದಿಮೂರು ಅಂಕಿಗಳ ಮೊತ್ತ 78, ಕುಗ್ಗಿಸಿದರೆ 6. ಎರಡನೆಯದರದ್ದು 74, ಕುಗ್ಗಿಸಿದರೆ 2. ಆರೆರಡಲಿ ಹನ್ನೆರಡು, ಅಂದರೆ 3. ಉತ್ತರದ ಇಪ್ಪತ್ತಾರು ಅಂಕಿಗಳನ್ನು ಕೂಡಿದರೆ 138, ಒಂದು, ಮೂರು, ಎಂಟು ಸೇರಿ ಹನ್ನೆರಡು, ಮತ್ತೆ 3. ಮೊದಲ ಬಾಗಿಲು ದಾಟಿತು.

ಹನ್ನೊಂದರ ಪರೀಕ್ಷೆಯಲ್ಲಿ ಇನ್ನೂ ಚೆಲುವಾದದ್ದು ಕಾಣುತ್ತದೆ. ಎರಡನೆಯ ಸಂಖ್ಯೆ 2465099745779ರಲ್ಲಿ ಒಂದು ಬಿಟ್ಟು ಒಂದು ಅಂಕಿ ಕೂಡಿದರೆ 37, ಉಳಿದವನ್ನು ಕೂಡಿದರೂ 37. ವ್ಯತ್ಯಾಸ ಸೊನ್ನೆ. ಎಂದರೆ ಅದು ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ. ಹಾಗಿದ್ದ ಮೇಲೆ ಉತ್ತರವೂ ಹನ್ನೊಂದರಿಂದ ಭಾಗವಾಗಲೇಬೇಕು. ಇಪ್ಪತ್ತಾರು ಅಂಕಿಗಳಲ್ಲಿ ಬೆಸ ಸ್ಥಾನದ ಹದಿಮೂರನ್ನು ಕೂಡಿ: 69. ಸಮ ಸ್ಥಾನದ ಹದಿಮೂರನ್ನು ಕೂಡಿ: 69. ತಕ್ಕಡಿಯ ಎರಡು ತಟ್ಟೆಗಳು ಸಮನಾಗಿ ನಿಂತಂತೆ. ಪೆನ್ಸಿಲು ಹಿಡಿದು ಇದನ್ನು ಸ್ವತಃ ಕೂಡಿ ನೋಡಿದವರಿಗೆ ಆಗುವ ಸಂತೋಷ, ಗಿನ್ನೆಸ್ ಪುಸ್ತಕ ಓದಿದ ಬೆರಗಿಗಿಂತ ಒಂದು ತೂಕ ಹೆಚ್ಚಿನದು.

ಮೂರನೆಯ ಪರೀಕ್ಷೆ ಇನ್ನೂ ಬಿಗಿ. 7, 11, 13 ಇವನ್ನು ಗುಣಿಸಿದರೆ 1001. ಸಾವಿರಕ್ಕಿಂತ ಒಂದೇ ಒಂದು ಹೆಚ್ಚು. ಆದ್ದರಿಂದ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗಳ ತುಂಡು ಮಾಡಿ, ಒಂದನ್ನು ಕೂಡಿ ಒಂದನ್ನು ಕಳೆಯುತ್ತ ಹೋದರೆ 1001ರ ಶೇಷ ಕೈಗೆ ಸಿಗುತ್ತದೆ. ಮೊದಲ ಸಂಖ್ಯೆಗೆ ಹೀಗೆ ಮಾಡಿದರೆ ಋಣ 214, ಎರಡನೆಯದಕ್ಕೆ ಋಣ 330. ಎರಡು ಋಣಗಳ ಗುಣಲಬ್ಧ ಧನ 70,620. ಅದರಿಂದ 1001ರ ಎಪ್ಪತ್ತು ಮಡಿ ಕಳೆದರೆ 550 ಉಳಿಯುತ್ತದೆ. ಉತ್ತರದ ಒಂಬತ್ತು ತುಂಡುಗಳನ್ನು 730ರಿಂದ ಶುರು ಮಾಡಿ 773 ಕಳೆದು, 462 ಕೂಡಿ, 426 ಕಳೆದು, ಹೀಗೆ 18ರವರೆಗೆ ಹೋದರೆ ಬರುವುದೂ ಸರಿಯಾಗಿ 550. ಒಂಬತ್ತು ಮತ್ತು 1001 ಎರಡೂ ಒಪ್ಪಿದ ಮೇಲೆ, ಅಡ್ಡಾದಿಡ್ಡಿ ಬರೆದ ತಪ್ಪು ಉತ್ತರವೊಂದು ಆಕಸ್ಮಿಕವಾಗಿ ಪಾರಾಗುವ ಸಾಧ್ಯತೆ ಒಂಬತ್ತು ಸಾವಿರಕ್ಕೆ ಒಂದು ಮಾತ್ರ.

ಇದೇ ದಾರಿಯಲ್ಲಿ ಆ ಸಂಖ್ಯೆಯ ಗುಣವೂ ತಿಳಿಯುತ್ತದೆ. ಕೊನೆಯಲ್ಲಿ ಸೊನ್ನೆ ಇರುವುದರಿಂದ ಹತ್ತರಿಂದ ಭಾಗವಾಗುತ್ತದೆ, ಮೂರರಿಂದ ಮತ್ತು ಹನ್ನೊಂದರಿಂದಲೂ, ಒಟ್ಟು 330ರಿಂದ. ಆದರೆ 4, 9, 25 ಇವು ಯಾವುವೂ ಅದನ್ನು ಭಾಗಿಸುವುದಿಲ್ಲ. ಏಳು, ಹದಿಮೂರು ಕೂಡ ಇಲ್ಲ, ಏಕೆಂದರೆ ಉಳಿದ 550 ಅವೆರಡರಿಂದಲೂ ಭಾಗವಾಗದು.

ಇನ್ನು ಗುಣಾಕಾರದ ಶ್ರಮ. ಎರಡು ತುದಿಗಳು ಸುಲಭ. ಮೊದಲಂಕಿಗಳಿಗೆ 7.686ನ್ನು 2.465ರಿಂದ ಗುಣಿಸಿದರೆ ಸಾಕು, 18.9 ಎಂದು ಗೊತ್ತಾಗುತ್ತದೆ. ಕೊನೆಯ ಸೊನ್ನೆ ಕಣ್ಣಿಗೇ ಕಾಣುತ್ತದೆ, ಅದರ ಹಿಂದಿನ ಮೂರು ಏಳೊಂಬತ್ತಲಿ ಅರವತ್ತಮೂರರಿಂದ ಬರುತ್ತದೆ. ಕಷ್ಟವೆಲ್ಲ ನಡುವೆ. ಹದಿಮೂರು ಅಂಕಿಗಳನ್ನು ಹದಿಮೂರರೊಂದಿಗೆ ಗುಣಿಸಲು 169 ಮಗ್ಗಿಯ ಹೆಜ್ಜೆ ಬೇಕು. ನಡುವಿನ ಸಾಲೊಂದರಲ್ಲೇ ಹದಿಮೂರು ಗುಣಲಬ್ಧಗಳನ್ನು ಕೂಡಿ ದಶಕವನ್ನು ಮುಂದಕ್ಕೆ ಒಯ್ಯಬೇಕು. 28 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಆರು ಹೆಜ್ಜೆ. ಶಕುಂತಲಾ ದೇವಿಯವರ ಮನಸ್ಸು ಹೆಜ್ಜೆ ಹೆಜ್ಜೆಯಾಗಿ ನಡೆಯಿತೋ, ದೊಡ್ಡ ತುಂಡುಗಳಲ್ಲಿ ಹಾರಿತೋ, ಹೊರಗಿನವರು ಅಳೆಯಲಾಗದ ವೇಗ ಅದು. ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ 1988ರಲ್ಲಿ ಅವರನ್ನು ಪರೀಕ್ಷಿಸಿದಾಗ 61,629,875ರ ಘನಮೂಲ ಕೇಳಿದರು. ಜೆನ್ಸನ್ ಆ ಲೆಕ್ಕವನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವ ಮೊದಲೇ ಶಕುಂತಲಾ ದೇವಿ 395 ಎಂಬ ಉತ್ತರ ಹೇಳಿ ಮುಗಿಸಿದ್ದರು.

ಸಂಖ್ಯೆಯನ್ನು ಬಿಡಿಸಿ ನೋಡುವ ಹವ್ಯಾಸ ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಹೊಂಬುಜದಿಂದ 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಅದು ಪ್ರಕಟವಾಗಿದೆ. ಮಹಾವೀರಾಚಾರ್ಯ ಏಕ, ದಶ, ಶತದಿಂದ ಹಿಡಿದು ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ, ಕೊನೆಯದು ಮಹಾಕ್ಷೋಭ. ಲಂಡನ್ನಿನ ಉತ್ತರ ಅದನ್ನೂ ಎರಡು ಸ್ಥಾನ ಮೀರುತ್ತದೆ. ಅವನ ಭಾಷೆಯಲ್ಲಿ ಹೇಳುವುದಾದರೆ ಅದು 189 ಮಹಾಕ್ಷೋಭ ಮತ್ತು ಮೇಲೆ ಚಿಲ್ಲರೆ.

ಆದರೆ ಅವನ ನಿಜವಾದ ಪ್ರೀತಿ ಹೆಸರುಗಳ ಮೇಲಲ್ಲ, ಸಂಖ್ಯೆಗಳ ಚೆಲುವಿನ ಮೇಲೆ. ಗುಣಾಕಾರದ ಲೆಕ್ಕಗಳನ್ನು ಕೊಡುವಾಗ ಉತ್ತರ ಕೊರಳಹಾರದಂತೆ ಎರಡು ಕಡೆಯಿಂದಲೂ ಒಂದೇ ಆಗಿ ಓದಿಸಿಕೊಳ್ಳಬೇಕೆಂದು ಆರಿಸಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 333333666667ನ್ನು 33ರಿಂದ ಗುಣಿಸಿದರೆ 11000011000011. ಎಲ್ಲಕ್ಕಿಂತ ಸೊಗಸಾದದ್ದು 27994681 ಗುಣಿಸು 441. ಉತ್ತರ 12345654321, ಒಂದರಿಂದ ಆರರವರೆಗೆ ಹತ್ತಿ ಮತ್ತೆ ಒಂದಕ್ಕೆ ಇಳಿಯುವ ಮೆಟ್ಟಿಲು.

ಈ ಹಾರ ಕಟ್ಟಿದ್ದು ಹೇಗೆ? 12345654321 ಎಂಬುದು 111111ರ ವರ್ಗ. 111111 ಎಂದರೆ 111 ಗುಣಿಸು 1001, ಬಿಡಿಸಿದರೆ 3×7×11×13×37. ಅದರಿಂದ 3 ಮತ್ತು 7ನ್ನು ಎತ್ತಿ 21 ಮಾಡಿದರೆ ಅದರ ವರ್ಗ 441. ಉಳಿದ 11, 13, 37 ಸೇರಿ 5291, ಅದರ ವರ್ಗ 27994681. ಲಂಡನ್ನಿನ ಉತ್ತರವನ್ನು ಪರೀಕ್ಷಿಸಲು ಬೇಕಾದ ಅದೇ 7, 11, 13 ಇಲ್ಲಿ ಹಾರದ ಮಣಿಗಳಾಗಿವೆ. ಅಂಕಿಗಳ ಸಾಲಿನ ಹಿಂದಿರುವ ಅಪವರ್ತನಗಳನ್ನು ಬಲ್ಲವನಿಗಷ್ಟೇ ಇಂಥ ಲೆಕ್ಕ ಹೊಸೆಯಲು ಬರುತ್ತದೆ. ಮುಂದೆ ಹನ್ನೆರಡನೆಯ ಶತಮಾನದಲ್ಲಿ, ಹೊಯ್ಸಳರ ಕಾಲಕ್ಕೆ, ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಇಂದಿನ ಕಡೂರು ಸೀಮೆಯೂ ಆಗ ಹೊಯ್ಸಳರ ನೆಲ.

ಲಂಡನ್ನಿಗೆ ಮೂರು ವರ್ಷ ಮೊದಲು, 1977ರಲ್ಲಿ, ಅಮೆರಿಕದ ಡಲ್ಲಾಸ್ ನಗರದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ದೇವಿಯವರಿಗೆ 201 ಅಂಕಿಗಳ ಸಂಖ್ಯೆಯೊಂದನ್ನು ಕೊಟ್ಟಿದ್ದರು. ಅದರ ಇಪ್ಪತ್ತಮೂರನೆಯ ಮೂಲ ಹೇಳಬೇಕು. ಅಂದರೆ ಯಾವ ಸಂಖ್ಯೆಯನ್ನು ಇಪ್ಪತ್ತಮೂರು ಸಲ ಬರೆದು ಗುಣಿಸಿದರೆ ಅದು ಬರುತ್ತದೆ ಎಂದು. 50 ಸೆಕೆಂಡಿನಲ್ಲಿ ಬಂದ ಉತ್ತರ 546372891.

ಈ ಉತ್ತರವನ್ನು ಒಂದು ಕ್ಷಣ ನಿಂತು ನೋಡಬೇಕು. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಅದರಲ್ಲಿ ಒಂದೊಂದೇ ಸಲ ಬಂದಿವೆ. ಬಂದಿರುವ ಕ್ರಮವೂ ಇದೆ: ನಡುವಿನ 5, ಅದರ ಎರಡು ಪಕ್ಕದ 4 ಮತ್ತು 6, ಆಮೇಲೆ 3 ಮತ್ತು 7, ಆಮೇಲೆ 2 ಮತ್ತು 8. ಕೊನೆಯ ಜೋಡಿ 1, 9 ಎಂದು ಬರಬೇಕಿತ್ತು, 9, 1 ಎಂದು ತಿರುಗಿದೆ. ಅಂಕಿಗಳ ಮೊತ್ತ 45. ಒಂಬತ್ತರಿಂದ ಭಾಗಿಸಿದರೆ 60708099. ಅದೂ ಮೂರರಿಂದ ಭಾಗವಾಗಿ 20236033ಕ್ಕೆ ನಿಲ್ಲುತ್ತದೆ. ಮೂಲದಲ್ಲಿ ಮೂರು ಮೂರುಗಳಿದ್ದರೆ ಇಪ್ಪತ್ತಮೂರನೆಯ ಘಾತದಲ್ಲಿ ಅರವತ್ತೊಂಬತ್ತು. ಆ 201 ಅಂಕಿಗಳ ಸಂಖ್ಯೆಯನ್ನು ಮೂರರಿಂದ ಸರಿಯಾಗಿ 69 ಸಲ ಭಾಗಿಸಬಹುದು. ಲಂಡನ್ನಿನ ತಕ್ಕಡಿಯಲ್ಲೂ 69 ಬಂದಿತ್ತಲ್ಲ ಎಂದರೆ ಅದು ಬರಿಯ ಕಾಕತಾಳೀಯ, ಅದಕ್ಕೆ ಅರ್ಥ ಹಚ್ಚಬೇಕಾಗಿಲ್ಲ.

ಇಪ್ಪತ್ತಮೂರನೆಯ ಮೂಲ ಎಂದೊಡನೆ ಹೆದರಿಕೆಯಾಗುತ್ತದೆ, ಆದರೆ ಇಂಥ ಮೂಲಗಳಲ್ಲಿ ಒಂದು ಅನುಕೂಲವಿದೆ. ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋದರೆ ಕೊನೆಯ ಅಂಕಿ ನಾಲ್ಕು ನಾಲ್ಕು ಹೆಜ್ಜೆಗೆ ಮರಳಿ ಬರುತ್ತದೆ. ಹಾಗಾಗಿ ಇಪ್ಪತ್ತಮೂರನೆಯ ಘಾತದ ಕೊನೆಯಂಕಿ ಘನದ ಕೊನೆಯಂಕಿಯೇ. ಘನಗಳ ಕೊನೆಯಂಕಿಗಳು ಒಂದಕ್ಕೊಂದು ಬೇರೆ. ಕೊಟ್ಟ ಸಂಖ್ಯೆ 771ರಲ್ಲಿ ಮುಗಿದಿತ್ತು. ಕೊನೆಯ 1 ನೋಡಿದೊಡನೆ ಮೂಲದ ಕೊನೆಯಂಕಿ 1 ಎಂದು ಗೊತ್ತಾಗುತ್ತದೆ. 71 ನೋಡಿದರೆ 91. 771 ನೋಡಿದರೆ 891. ಬೇರೆ ಸಾಧ್ಯತೆಯೇ ಇಲ್ಲ. ಇದು ಸಾಧನೆಯನ್ನು ಚಿಕ್ಕದು ಮಾಡುವ ಮಾತಲ್ಲ. ಬೀಗಕ್ಕೆ ಕೀಲಿ ಎಲ್ಲಿದೆ ಎಂದು ಗೊತ್ತಿದ್ದ ಮಾತ್ರಕ್ಕೆ 50 ಸೆಕೆಂಡಿನಲ್ಲಿ ಒಂಬತ್ತು ಬೀಗ ತೆಗೆಯಲು ಎಲ್ಲರಿಗೂ ಬರುವುದಿಲ್ಲ.

ಅದೇ 1977ರ ಆಗಸ್ಟಿನಲ್ಲಿ ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಗಣಿತ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ 129 ಅಂಕಿಗಳ ಒಂದು ಸಂಖ್ಯೆಯನ್ನು ಅಚ್ಚು ಹಾಕಿದರು. ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಅದನ್ನು ಮಾಡಿದ್ದರು. ಸವಾಲು ಇಷ್ಟೇ: ಆ ಎರಡು ಯಾವುವು? ಡಲ್ಲಾಸಿನ ಸಂಖ್ಯೆಗಿಂತ ಇದು 72 ಅಂಕಿ ಚಿಕ್ಕದು. ಉತ್ತರ ಸಿಕ್ಕಿದ್ದು 1994ರ ಏಪ್ರಿಲ್‌ನಲ್ಲಿ, ಹದಿನೇಳು ವರ್ಷಗಳ ಮೇಲೆ. ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ತಮ್ಮ ಕಂಪ್ಯೂಟರುಗಳನ್ನು ಇಂಟರ್ನೆಟ್ಟಿನ ಮೂಲಕ ಜೋಡಿಸಿ ತಿಂಗಳುಗಟ್ಟಲೆ ದುಡಿದಿದ್ದರು. ಒಂದು 64 ಅಂಕಿಗಳ ಅವಿಭಾಜ್ಯ, ಇನ್ನೊಂದು 65 ಅಂಕಿಗಳದ್ದು.

ದೊಡ್ಡ ಸಂಖ್ಯೆಗೆ ಮೈಯ ಅಳತೆ ಮುಖ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಗುಣಿಸುವುದು ಸುಲಭ, ಮೂಲ ತೆಗೆಯುವುದಕ್ಕೂ ದಾರಿಯಿದೆ, ಆದರೆ ಬೆರೆಸಿಟ್ಟ ಎರಡು ದೊಡ್ಡ ಅವಿಭಾಜ್ಯಗಳನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಬೇರ್ಪಡಿಸಲು ಚುರುಕಾದ ದಾರಿಯನ್ನು ಯಾರೂ ಕಂಡುಹಿಡಿದಿಲ್ಲ. ಈ ಕಷ್ಟವನ್ನೇ ಬೀಗ ಮಾಡಿಕೊಂಡು ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಪಾಡುವ ವ್ಯವಸ್ಥೆ ಬೆಳೆಯಿತು. ಸಂಖ್ಯೆಯೊಂದು ಅವಿಭಾಜ್ಯವೇ ಅಲ್ಲವೇ ಎಂದು ಹೇಳುವುದು ಮಾತ್ರ ಅಷ್ಟು ಕಷ್ಟವಲ್ಲ. ಅದಕ್ಕೆ ಖಚಿತವೂ ವೇಗವೂ ಆದ ವಿಧಾನವಿದೆಯೆಂದು 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ತೋರಿಸಿಕೊಟ್ಟರು.

ಅಜ್ಜಂಪುರದ ಆರಂಕಿಗೆ ಅಂಥ ದೊಡ್ಡ ಯಂತ್ರ ಬೇಡ, 134 ಭಾಗಾಕಾರ ಸಾಕು. ಹೆಸರಿನಲ್ಲೇ ಐದರ ಸದ್ದಿರುವ ಪಂಚನಹಳ್ಳಿಯ ಶಾಲೆಗಳ ಮೇಷ್ಟ್ರಿಗೂ ಮಕ್ಕಳಿಗೂ ಒಂದು ಕೋರಿಕೆ. ಊರಿನ ಅಂಚೆ ಕಚೇರಿಯ ಫಲಕದಲ್ಲಿ ನಿಮ್ಮ ಪಿನ್ ಕೋಡ್ ಇದೆ. ಅದನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಅಂಕಿಗಳನ್ನು ಕೂಡಿ, ಒಂದು ಬಿಟ್ಟು ಒಂದು ಕಳೆಯಿರಿ, ಮೂರು ಮೂರು ತುಂಡು ಮಾಡಿ. ಕಡೂರಿನಂತೆ ಬಿಚ್ಚಿಕೊಳ್ಳುತ್ತದೋ ಅಜ್ಜಂಪುರದಂತೆ ಬಿಗಿಯಾಗಿ ನಿಲ್ಲುತ್ತದೋ ನೋಡಿ, ಅದರ ಅಪವರ್ತನಗಳನ್ನು ಹಲಗೆಯ ಮೇಲೆಯೇ ಬರೆದಿಡಿ.